ವಾಗ್ದಾನದ ಚೀಟಿ ಮತ್ತು ಇಡೀ ಗ್ರಂಥ: ಪಯಟಿಸಂ ಕಲಿಸಿದ ಎರಡು ಓದುಗಳು

ಡಿಸೆಂಬರ್ 31ರ ರಾತ್ರಿ ಕರ್ನಾಟಕದ ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿ ಸತ್ಯವೇದದ ಒಂದೊಂದು ವಾಕ್ಯ ಅಚ್ಚಾದ ಚೀಟಿಗಳನ್ನು ಹಂಚುತ್ತಾರೆ. ಕೈಗೆ ಬಂದ ವಾಕ್ಯವೇ ಬರುವ ವರ್ಷಕ್ಕೆ ದೇವರು ಕೊಟ್ಟ ವಾಗ್ದಾನ ಎಂಬುದು ನಂಬಿಕೆ. ಚೀಟಿಯನ್ನು ಕೆಲವರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲವರು ಸತ್ಯವೇದದ ಹಾಳೆಗಳ ನಡುವೆ ಜೋಪಾನ ಮಾಡುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅನ್ಯಾಯ. ಕಾಯಿಲೆ, ಸಾಲ, ಸಾವು ಬಂದ ಮನೆಗಳಲ್ಲಿ ಒಂದೇ ಒಂದು ವಾಕ್ಯ ಹಿಡಿದುಕೊಂಡು ದಿನ ದೂಡಿದವರಿದ್ದಾರೆ. ಆದರೆ ಕ್ರೈಸ್ತ ವಿಶ್ವಾಸದಿಂದ ಮನಸ್ಸಿಗೆ ಶಾಂತಿ ಬರುತ್ತದೆ, ಗುಣ ಬೆಳೆಯುತ್ತದೆ ಎಂದು ಹೇಳುವಾಗ ಯಾವ ಬಗೆಯ ಓದಿನಿಂದ ಎಂಬುದನ್ನು ಕೇಳಲೇಬೇಕು. ಈ ಪ್ರಶ್ನೆಯನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿ ತೋರಿಸಿದ್ದು ಜರ್ಮನಿಯ ಲೂಥರನ್ ಸಭೆಯೊಳಗೆ ಹುಟ್ಟಿದ ಭಕ್ತಿ ಚಳವಳಿಯಾದ ಪಯಟಿಸಂ ಪರಂಪರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ಪರಂಪರೆಯವರೇ. ಆದ್ದರಿಂದ ಅದರ ಬಲವೂ ಕೊರತೆಯೂ ನಮ್ಮ ಸಭೆಗಳಿಗೆ ಹೊರಗಿನ ಸಂಗತಿಗಳಲ್ಲ. ಆ ಪರಂಪರೆ ಗ್ರಂಥವನ್ನು ಇಡಿಯಾಗಿ, ನಾಲ್ಕು ಜನರ ಜೊತೆ ಕೂತು ಓದಿದಾಗ ಶಾಂತಿಯೂ ಶೀಲವೂ ಒಟ್ಟಿಗೆ ಬಂದವು. ಶಾಂತಿಯನ್ನೇ ನೇರವಾಗಿ ಬೆನ್ನಟ್ಟಿ ಅದನ್ನು ಅಳೆಯಲು ಹೊರಟಾಗ ಎರಡೂ ಕೆಟ್ಟವು ಎಂಬುದು ನನ್ನ ವಾದ.

ಆರಂಭದಲ್ಲಿ ದಾರಿ ಸರಿಯಾಗಿಯೇ ಇತ್ತು. 1618ರಿಂದ 1648ರವರೆಗೆ ಮೂವತ್ತು ವರ್ಷ ನಡೆದ ಯುದ್ಧ ಜರ್ಮನಿಯ ಊರುಗಳನ್ನು ಹಾಳುಗೆಡವಿತ್ತು. ಧರ್ಮಪೀಠಗಳಲ್ಲಿ ಸಿದ್ಧಾಂತದ ಜಗಳ ಜೋರಾಗಿತ್ತು, ಜನರ ಬದುಕಿಗೆ ಅದರಿಂದ ಆಗುತ್ತಿದ್ದುದು ಕಡಿಮೆ. ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತನ್ನ ಮನೆಯಲ್ಲೇ ಸಣ್ಣ ಕೂಟ ಆರಂಭಿಸಿದ. 1675ರಲ್ಲಿ ಬರೆದ 'ಪಿಯಾ ದೆಸಿದೇರಿಯಾ'ದಲ್ಲಿ ಸಭೆಯ ಸುಧಾರಣೆಗೆ ಆರು ಸಲಹೆಗಳನ್ನು ಮುಂದಿಟ್ಟ. ಮೊದಲನೆಯದೇ ಸತ್ಯವೇದದ ಬಳಕೆ ಹೆಚ್ಚಬೇಕು ಎಂಬುದು. ಭಾನುವಾರಕ್ಕೆಂದು ಗೊತ್ತುಮಾಡಿದ ಆಯ್ದ ಭಾಗಗಳನ್ನೇ ವರ್ಷವರ್ಷವೂ ಓದಿದರೆ ಸಾಲದು, ಒಂದೊಂದು ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು, ಓದಿದ ಮೇಲೆ ಸಾಮಾನ್ಯ ಜನರೂ ಬಾಯಿ ಬಿಟ್ಟು ಕೇಳಬೇಕು, ಹೇಳಬೇಕು ಎಂದು ಅವನು ಒತ್ತಾಯಿಸಿದ. ನೆಮ್ಮದಿಯ ಅನುಭವಕ್ಕಿಂತ ಮೊದಲು ಅವನು ಬಯಸಿದ್ದು ಓದುವ ಅಭ್ಯಾಸವನ್ನು. ವುರ್ಟೆಂಬರ್ಗ್ ಸೀಮೆಯಲ್ಲಿ 1743ರ ಸರ್ಕಾರಿ ಆಜ್ಞೆ ಇಂಥ ಮನೆಕೂಟಗಳಿಗೆ ಅನುಮತಿ ಕೊಟ್ಟ ಮೇಲೆ ರೈತರು, ಕುಶಲಕರ್ಮಿಗಳು ಪಾದ್ರಿಯಿಲ್ಲದೆಯೂ ಸೇರಿ ಓದತೊಡಗಿದರು. ಬಾಸೆಲ್ ಮಿಷನ್ನಿನ ಬಹುಪಾಲು ಜನ ಬಂದದ್ದು ಇಂಥ ಮನೆಗಳಿಂದ.

ಇದೇ ಪರಂಪರೆಯ ಇನ್ನೊಂದು ಕವಲು ಹೆರ್ನ್‌ಹೂಟ್‌ನಲ್ಲಿ ಬೆಳೆಯಿತು. ಅಲ್ಲಿ ಕೌಂಟ್ ತ್ಸಿನ್ಸೆಂಡಾರ್ಫ್ 1728ರಲ್ಲಿ ದಿನಕ್ಕೊಂದು ವಾಕ್ಯವನ್ನು ಊರಿನ ಮನೆಗಳಿಗೆಲ್ಲ ತಿಳಿಸುವ ರೂಢಿ ಆರಂಭಿಸಿದ. 1731ರಿಂದ ಅದು ಇಡೀ ವರ್ಷದ ವಾಕ್ಯಗಳ ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಇಂದಿಗೂ ಅಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಇದರಲ್ಲೊಂದು ಸೊಗಸಿದೆ: ಬೇರೆ ಬೇರೆ ದೇಶಗಳಲ್ಲಿರುವವರು ಒಂದೇ ದಿನ ಒಂದೇ ವಾಕ್ಯದ ಕೆಳಗೆ ನಿಲ್ಲುತ್ತಾರೆ. ಇದಕ್ಕೆ ಎದುರಾಗಿ ನಿಲ್ಲುವವನು ವುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿದ ಈ ವಿದ್ವಾಂಸ 1742ರಲ್ಲಿ ಹೊರತಂದ 'ನೋಮೋನ್' ವ್ಯಾಖ್ಯಾನ, ವಾಕ್ಯವನ್ನು ಅದರ ಹಿಂದು ಮುಂದಿನಿಂದ ಕೀಳದೆ ಓದುವುದನ್ನು ಕಲಿಸಿತು. ಆದರೆ ಅವನನ್ನೂ ಮಾದರಿಯೆಂದು ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, 1836ರಲ್ಲಿ ಹೊಸ ಯುಗ ಆರಂಭವಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಅಂತ್ಯಕಾಲದ ಇಂಥ ನಿರೀಕ್ಷೆಯೂ 1816-17ರ ಬರಗಾಲವೂ ಸೇರಿ ಸಾವಿರಾರು ವುರ್ಟೆಂಬರ್ಗಿಗರು ಕಾಕಸಸ್ ಕಡೆಗೆ ಗುಳೆ ಹೋದರು. ಅಷ್ಟು ಎಚ್ಚರದ ಓದುಗನೂ ಗ್ರಂಥದಿಂದ ಖಾತರಿಯೊಂದನ್ನು ಹಿಂಡಲು ಹೊರಟಾಗ ಜಾರಿದ. ಚೀಟಿಯಿಂದ ಬೇಡುವುದೂ ಲೆಕ್ಕದಿಂದ ಬೇಡುವುದೂ ಅದೇ ಖಾತರಿಯನ್ನು.

ಕಿತ್ತು ತೆಗೆದ ವಾಕ್ಯ ಏನನ್ನು ಕಳೆದುಕೊಳ್ಳುತ್ತದೆ ಎನ್ನುವುದಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಯಾವ ಚಿಂತೆಯೂ ಬೇಡ, ಪ್ರಾರ್ಥಿಸಿರಿ, ಬುದ್ಧಿಗೆ ನಿಲುಕದ ದೇವಶಾಂತಿ ನಿಮ್ಮನ್ನು ಕಾಯುತ್ತದೆ ಎಂಬ ಅರ್ಥದ ಆರು, ಏಳನೇ ವಚನಗಳು ಕ್ಯಾಲೆಂಡರುಗಳಲ್ಲಿ, ಗೋಡೆಯ ಫಲಕಗಳಲ್ಲಿ ಎಲ್ಲೆಲ್ಲೂ ಇವೆ. ಅವುಗಳ ಸುತ್ತಲೂ ಏನಿದೆ ನೋಡಬೇಕು. ಬರೆಯುತ್ತಿರುವ ಪೌಲ ಸೆರೆಯಲ್ಲಿದ್ದಾನೆ. ಅಧ್ಯಾಯದ ಎರಡನೇ ವಚನದಲ್ಲಿ ಅವನು ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಹೆಸರು ಹಿಡಿದು ಹೇಳುತ್ತಾನೆ, ಮನಸ್ತಾಪ ಬಿಟ್ಟು ಒಂದಾಗಿರಿ ಎಂದು. ಸುವಾರ್ತೆಗಾಗಿ ತನ್ನ ಜೊತೆ ಹೆಗಲು ಕೊಟ್ಟು ದುಡಿದವರು ಅವರು. ಅವರಿಗೆ ನೆರವಾಗು ಎಂದು ಮೂರನೆಯವನೊಬ್ಬನನ್ನು ಬೇಡಿಕೊಳ್ಳುತ್ತಾನೆ. ಶಾಂತಿಯ ಮಾತು ಬರುವುದು ಇದಾದ ಮೇಲೆ. ಅದರ ಬೆನ್ನಿಗೇ ಎಂಟು, ಒಂಬತ್ತನೇ ವಚನಗಳಲ್ಲಿ ಸತ್ಯವಾದದ್ದು, ನ್ಯಾಯವಾದದ್ದು ಯಾವುದೋ ಅದನ್ನೇ ಮನಸ್ಸಿಗೆ ತಂದುಕೊಳ್ಳಿರಿ, ನನ್ನಿಂದ ಕಲಿತದ್ದನ್ನು ಮಾಡುತ್ತ ಬನ್ನಿರಿ ಎನ್ನುತ್ತಾನೆ. ಆಗ ಶಾಂತಿಯ ದೇವರು ನಿಮ್ಮ ಸಂಗಡ ಇರುತ್ತಾನೆ. ಇದ್ದುದರಲ್ಲಿ ತೃಪ್ತಿಪಡುವುದನ್ನು ತಾನು ಕಲಿತುಕೊಂಡೆ ಎಂದು ಹನ್ನೊಂದನೇ ವಚನದಲ್ಲಿ ಹೇಳುತ್ತಾನೆ, ಕೊನೆಗೆ ಆ ಸಭೆ ಕಳಿಸಿದ ಸಹಾಯಕ್ಕೆ ಕೃತಜ್ಞತೆ ಸಲ್ಲಿಸುತ್ತಾನೆ. ಒಂದು ಸಭೆಯ ಜಗಳ, ಹಣದ ನೆರವು, ರೂಢಿಸಿಕೊಂಡ ತೃಪ್ತಿ ಇವೆಲ್ಲದರ ನಡುವೆ ಆ ಶಾಂತಿ ಇದೆ. ಎರಡು ವಚನಗಳನ್ನಷ್ಟೇ ಹರಿದುಕೊಂಡವರಿಗೆ ನೆಮ್ಮದಿ ಸಿಕ್ಕೀತು. ಮಾತು ಬಿಟ್ಟ ನೆರೆಯವಳ ಮನೆಗೆ ಹೋಗಿ ಬರಬೇಕೆಂಬ ಒತ್ತಡ ಸಿಗುವುದಿಲ್ಲ. ಗುಣ ಬೆಳೆಯುವುದು ಆ ಒತ್ತಡದಿಂದ.

ಪಯಟಿಸಂ ಶಾಂತಿಯನ್ನು ಅಳೆಯಲು ಹೊರಟ ಕಥೆ ಹಾಲೆ ಪಟ್ಟಣದ್ದು. ಆಗಸ್ಟ್ ಹರ್ಮನ್ ಫ್ರಾಂಕೆ 1687ರಲ್ಲಿ ಲ್ಯೂನೆಬುರ್ಗ್‌ನಲ್ಲಿ ಯೋಹಾನನ ಸುವಾರ್ತೆಯ ಒಂದು ವಚನದ ಮೇಲೆ ಪ್ರಸಂಗ ಮಾಡಬೇಕಿತ್ತು. ಆ ವಚನ ಹೇಳುವ ನಂಬಿಕೆಯೇ ತನ್ನಲ್ಲಿಲ್ಲವೆಂದು ಅರಿವಾಗಿ ತಳಮಳಿಸಿ, ಮೊಣಕಾಲೂರಿ ಬೇಡಿ, ಕೊನೆಗೆ ನಿಶ್ಚಯ ಪಡೆದ. ಪ್ರಾಮಾಣಿಕ ಅನುಭವವದು, ಅದರ ಫಲವೂ ದೊಡ್ಡದು: 1695ರಿಂದ ಹಾಲೆಯಲ್ಲಿ ಬೆಳೆದ ಅನಾಥಾಲಯ, ಶಾಲೆಗಳು, ಬಡವರ ಕೈಗೆಟಕುವ ಬೆಲೆಯ ಸತ್ಯವೇದ, 1706ರಲ್ಲಿ ತರಂಗಂಬಾಡಿಗೆ ಬಂದ ಮಿಷನರಿ ತ್ಸೀಗೆನ್‌ಬಾಲ್ಗ್. ಆದರೆ ಒಬ್ಬನಿಗೆ ಆದದ್ದನ್ನು ಹಾಲೆಯವರು ಎಲ್ಲರಿಗೂ ಅಳತೆಗೋಲು ಮಾಡಿದರು. ಪಶ್ಚಾತ್ತಾಪದ ಸಂಕಟ, ಬಿಕ್ಕಟ್ಟು, ನಿಶ್ಚಯ ಎಂಬ ಮೆಟ್ಟಿಲುಗಳನ್ನು ಹತ್ತದವನ ನಂಬಿಕೆಯನ್ನು ಶಂಕಿಸಿದರು. ಮಕ್ಕಳ ಸ್ವಂತ ಇಚ್ಛೆಯನ್ನು ಮುರಿಯುವುದೇ ಶಿಕ್ಷಣದ ಮೊದಲ ಕೆಲಸವೆಂದರು. ಇದು ತೆಗೆದುಕೊಂಡ ಬೆಲೆಯನ್ನು ಕಾದಂಬರಿಕಾರ ಹರ್ಮನ್ ಹೆಸ್ಸೆಯ ಬಾಲ್ಯದಲ್ಲಿ ಕಾಣಬಹುದು. ಅಜ್ಜ ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್. ತಂದೆಯೂ ಬಾಸೆಲ್ ಮಿಷನ್ನಿನ ಸೇವೆಯಲ್ಲಿ ಭಾರತದಲ್ಲಿದ್ದವರು. 1892ರಲ್ಲಿ ಹದಿನಾಲ್ಕರ ಹುಡುಗ ಮೌಲ್‌ಬ್ರೋನ್ ಗುರುಕುಲದಿಂದ ಓಡಿಹೋದ, ಕೆಲವೇ ತಿಂಗಳಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ತಂದೆತಾಯಿಗಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಇಚ್ಛೆ ಮುರಿದ ಜಾಗದಲ್ಲಿ ಶೀಲ ಮೊಳೆಯುತ್ತದೆ ಎಂದು ಅವರ ಪರಂಪರೆ ನಂಬಿಸಿತ್ತು, ಆ ನಂಬಿಕೆ ಸುಳ್ಳಾಗಿತ್ತು.

ಮಂಗಳೂರಿನಲ್ಲಿ ಈ ಅಳತೆಗೋಲಿಗೆ ಇನ್ನೊಂದು ತೊಡಕು ಅಂಟಿಕೊಂಡಿತು. ಕ್ರೈಸ್ತರಾದವರು ಜಾತಿಯ ಜೊತೆಗೆ ಕಸುಬು, ಮನೆ ಎರಡನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ತೋರಿಸಲು ಮಿಷನ್ ನೇಯ್ಗೆ ಶಾಲೆಗಳನ್ನೂ, 1865ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಮುಂದಾಳ್ತನದಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿತು. ಆ ಕೆಂಪು ಹೆಂಚು ಕರಾವಳಿಯ ಮನೆಗಳ ರೂಪವನ್ನೇ ಬದಲಿಸಿತು, ಸಾವಿರಾರು ಕುಟುಂಬಗಳಿಗೆ ಮರ್ಯಾದೆಯ ಬದುಕು ಕೊಟ್ಟಿತು. ಇದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಆತ್ಮದ ಯೋಗಕ್ಷೇಮ ವಿಚಾರಿಸುವವರೂ ಕೂಲಿ ಕೊಡುವವರೂ ಒಂದೇ ಸಂಸ್ಥೆಯವರಾದಾಗ ಮನುಷ್ಯ ತನ್ನ ಒಳಗಿನ ಅಶಾಂತಿಯನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಹೊತ್ತಿಗೆ ಸರಿಯಾಗಿ ಬರುವುದು, ಕುಡಿಯದಿರುವುದು, ಎದುರಾಡದಿರುವುದು ದೈವಭಕ್ತಿಯ ಗುರುತುಗಳಾದಾಗ ಶೀಲಕ್ಕೂ ವಿಧೇಯತೆಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಬದುಕು ಇನ್ನೊಂದು ಬದಿಯನ್ನು ತೋರುತ್ತದೆ. ಸಾರಸ್ವತ ಬ್ರಾಹ್ಮಣ ಮನೆತನದ ಆ ಯುವಕನಿಗೆ ವಿಶ್ವಾಸ ಮೊದಲು ತಂದದ್ದು ಊರಿನ ಗದ್ದಲವನ್ನು, ಬಂಧುಗಳ ಅಗಲಿಕೆಯನ್ನು. ಬಾಸೆಲ್‌ಗೆ ಹೋಗಿ ಓದಿ, ಬೋಧಕ ದೀಕ್ಷೆ ಪಡೆದು 1851ರಲ್ಲಿ ಅವರು ತಿರುಗಿ ಬಂದದ್ದು ಅದೇ ಊರಿಗೆ. ನೆಮ್ಮದಿಯೇ ವಿಶ್ವಾಸದ ಗುರುತಾಗಿದ್ದರೆ ಅವರ ವಿಶ್ವಾಸವನ್ನು ಎಲ್ಲಿಂದ ಎಣಿಸುವುದು?

ಒಳಗಿನ ಶಾಂತಿಯನ್ನು ಹುಡುಕುವ ಧರ್ಮ ಹೊರಗಿನ ಅನ್ಯಾಯವನ್ನು ಸಹಿಸಿಕೊಳ್ಳಲು ಕಲಿಸುತ್ತದೆ ಎಂಬ ಆಕ್ಷೇಪ ಹಳೆಯದು, ಗಟ್ಟಿಯಾದದ್ದು. ಇಂಗ್ಲೆಂಡಿನ ಮೆಥಡಿಸ್ಟರ ಬಗ್ಗೆ ಇತಿಹಾಸಕಾರ ಇ. ಪಿ. ಥಾಮ್ಸನ್ 1963ರಲ್ಲಿ ಹೆಚ್ಚುಕಡಿಮೆ ಇದನ್ನೇ ವಾದಿಸಿದರು: ಕಾರ್ಖಾನೆಗೆ ಬೇಕಾದ ಶಿಸ್ತಿನ ಕೂಲಿಯಾಳನ್ನು ಆ ಧರ್ಮ ಒಳಗಿನಿಂದ ತಯಾರಿಸಿತು ಎಂದು. ಹಾಲೆಗೂ ಮಂಗಳೂರಿಗೂ ಇದು ಬಹುಮಟ್ಟಿಗೆ ಹೊಂದುತ್ತದೆಂದು ಒಪ್ಪಬೇಕು. ಆದರೆ ಇಡೀ ಪರಂಪರೆಗೆ ಹೊಂದುವುದಿಲ್ಲ. ವುರ್ಟೆಂಬರ್ಗಿನದೇ ಪಯಟಿಸ್ಟ್ ಪಾದ್ರಿ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್ ದೇವರ ರಾಜ್ಯದ ಮಾತುಗಳನ್ನು ಓದುತ್ತ ಓದುತ್ತಲೇ ಕೂಲಿಕಾರರ ಕಡೆಗೆ ಹೊರಳಿದ. 1899ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ. ಸಭೆ ಅವನ ಪಾದ್ರಿ ಪದವಿಯನ್ನು ಬಿಡಿಸಿತು, ಜನ ಅವನನ್ನು ಪ್ರಾಂತ್ಯದ ಶಾಸನಸಭೆಗೆ ಆರಿಸಿ ಕಳಿಸಿದರು. ಪ್ರವಾದಿಗಳನ್ನೂ ಪರ್ವತ ಪ್ರಸಂಗವನ್ನೂ ಬಿಡದೆ ಓದಿದವನಿಗೆ ಗ್ರಂಥವೇ ಸುಮ್ಮನಿರಲು ಬಿಡಲಿಲ್ಲ.

ಒಂಟಿ ವಾಕ್ಯವೇ ಬದುಕಿನ ದಿಕ್ಕು ತಿರುಗಿಸಿದ ಉದಾಹರಣೆಗಳಿಲ್ಲವೇ ಎಂದು ಇನ್ನು ಕೆಲವರು ಕೇಳಿಯಾರು. ಇವೆ. ಜರ್ಮನ್ ದೇವಶಾಸ್ತ್ರಜ್ಞ ದೀಟ್ರಿಷ್ ಬೋನ್‌ಹೋಫರ್ 1939ರ ಜೂನ್‌ನಲ್ಲಿ ಅಮೆರಿಕದ ಸುರಕ್ಷಿತ ನೆಲೆಯಲ್ಲಿ ನಿಲ್ಲುವುದೋ ಹಿಟ್ಲರನ ಜರ್ಮನಿಗೆ ಮರಳುವುದೋ ಎಂದು ತೊಳಲುತ್ತಿದ್ದಾಗ ಹೆರ್ನ್‌ಹೂಟ್ ದಿನವಾಕ್ಯಗಳು ಅವರ ಮನಸ್ಸನ್ನು ತಟ್ಟಿದ್ದನ್ನು ದಿನಚರಿಯಲ್ಲಿ ದಾಖಲಿಸಿದ್ದಾರೆ. ಮರಳಿದರು, 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್‌ನಲ್ಲಿ ಗಲ್ಲಿಗೇರಿದರು. ಆದರೆ ಆ ವಾಕ್ಯಗಳು ಬಿದ್ದದ್ದು ಎಂಥ ನೆಲದ ಮೇಲೆ? ಫಿಂಕನ್‌ವಾಲ್ಡೆ ಗುರುಕುಲದಲ್ಲಿ ಅವರು ಶಿಷ್ಯರೊಂದಿಗೆ ದಿನವೂ ಕೀರ್ತನೆಗಳನ್ನೂ ಎರಡೂ ಒಡಂಬಡಿಕೆಗಳ ಅಧ್ಯಾಯಗಳನ್ನೂ ಓದಿ, ಧ್ಯಾನಿಸಿ ನೆಲ ಹದ ಮಾಡಿದ್ದರು. ಆ ಅನುಭವದಿಂದ ಬರೆದ ಪುಸ್ತಕದಲ್ಲಿ, ದಿನವಾಕ್ಯಗಳನ್ನು ಗೌರವಿಸುತ್ತಲೇ, ಅವು ಸತ್ಯವೇದದ ಸತತ ಓದಿಗೆ ಬದಲಾಗಲಾರವು ಎಂದು ಸ್ಪಷ್ಟವಾಗಿ ವಾದಿಸಿದ್ದಾರೆ. ಅವರಿಗೆ ಸಿಕ್ಕ ವಾಕ್ಯಗಳು ಸುರಕ್ಷತೆಯ ಮಾತು ಕೊಟ್ಟವೂ ಅಲ್ಲ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯ ಆರಂಭವಾಗುವುದು ದೇವರೊಂದಿಗಿನ ಸಮಾಧಾನದಿಂದ, ಮೂರನೇ ವಚನಕ್ಕಾಗಲೇ ಉಪದ್ರವದ ಮಾತು ಬಂದುಬಿಡುತ್ತದೆ: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪುಟಕ್ಕಿಟ್ಟ ಗುಣ, ಗುಣದಿಂದ ನಿರೀಕ್ಷೆ. ಕಷ್ಟಕ್ಕೆ ಬಾಯಿ ಕೊಡುವ ಭಾಗಗಳನ್ನು ಬಿಟ್ಟು ಓದುವ ಸಭೆಗೆ ಈ ಕ್ರಮ ಅರ್ಥವಾಗುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಅದರ ಕೊನೆಗಿಲ್ಲ. ಆದರೂ ಅದು ಪ್ರಾರ್ಥನೆಯೇ, ಪ್ರಾರ್ಥನೆಯ ಪುಸ್ತಕದೊಳಗೇ ಇದೆ. ಮಗನನ್ನು ಕಳೆದುಕೊಂಡ ತಾಯಿಗೆ ಹೊಸ ವರ್ಷದ ವಾಗ್ದಾನಕ್ಕಿಂತ ಅದು ಹತ್ತಿರವಾದೀತು, ಯಾಕೆಂದರೆ ಅವಳು ಶಾಂತಳಾಗಿರುವಂತೆ ತೋರಿಸಿಕೊಳ್ಳಬೇಕೆಂದು ಅದು ಕೇಳುವುದಿಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ಸೇರುವ ಮನೆಕೂಟಗಳು ಈಗಲೂ ಜೀವಂತವಾಗಿವೆ. ಇಡೀ ಸತ್ಯವೇದ ಕನ್ನಡದಲ್ಲಿ 1830ರ ದಶಕದಿಂದ ಇದೆ. ಆ ಕೂಟಗಳಲ್ಲಿ ಬಹುಪಾಲು ಹೊತ್ತು ಒಬ್ಬರ ಪ್ರಸಂಗಕ್ಕೇ ಹೋಗುತ್ತದೆ. ಅದರಲ್ಲಿ ಅರ್ಧ ಗಂಟೆಯನ್ನು ಒಂದು ಪುಸ್ತಕದ ಮುಂದಿನ ಅಧ್ಯಾಯ ಓದಲಿಕ್ಕೆ, ಕೂತವರು ತಮಗೆ ಒಪ್ಪದ್ದನ್ನೂ ಅರ್ಥವಾಗದ್ದನ್ನೂ ಅಂಜದೆ ಕೇಳಲಿಕ್ಕೆ ಬಿಟ್ಟರೆ ಸ್ಪೇನರ್ 1675ರಲ್ಲಿ ಕೇಳಿದ್ದು ಇಲ್ಲಿ ನಡೆದಂತಾಗುತ್ತದೆ. ಕೀರ್ತನೆಗಳಿಂದಲೇ ಆರಂಭಿಸಲಿ, 88ನೆಯದನ್ನು ದಾಟಿ ಹೋಗದಿರಲಿ.