ಸೋರುವ ಮಾಳಿಗಿಯ ಲಯ

ವಿಜಯಪುರದ ಗೋಳಗುಮ್ಮಟದ ಮೇಲಿನ ಸುತ್ತುಪಡಸಾಲೆಗೆ ಏದುಸಿರು ಬಿಡುತ್ತ ಹತ್ತಿದವರು ಮೊದಲು ಮಾಡುವ ಕೆಲಸ ಕೂಗುವುದು. ಒಂದು ಕೂಗು ಹಲವಾಗಿ ತಿರುಗಿ ಬರುತ್ತದೆ; ಹತ್ತು ಮಂದಿ ಕೂಗಿದರೆ ಬರೀ ಗದ್ದಲ. ಬೆಳಗಿನ ಹೊತ್ತು, ಮಂದಿ ಬರುವ ಮೊದಲೇ ಹೋಗಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿ ನೋಡಿ. ಸುಮಾರು 38 ಮೀಟರ್ ಅಗಲದ ಬಯಲಿನ ಆಚೆ ಕೂತವರ ಕಿವಿಗೆ ಆ ಮಾತು ಬೀಳುತ್ತದೆ. ದೊಡ್ಡ ಕಟ್ಟಡಕ್ಕೆ ದೊಡ್ಡ ದನಿ ಬೇಕಿಲ್ಲ. ರಾಕ್ ಸಂಗೀತದಲ್ಲಿ ನನಗೆ ಹಿಡಿಸುವುದು ಎಲ್ಲಿ, ಹಿಡಿಸದೆ ಹೋಗುವುದು ಎಲ್ಲಿ ಎಂಬುದು ಈ ಗುಮ್ಮಟದ ಕೆಳಗೇ ನನಗೆ ತಿಳಿದದ್ದು.

ಹಾಗೆ ನನಗೆ ಹಿಡಿಸಿದ, ಗಾಯಕ ರಘು ದೀಕ್ಷಿತ್ ಅವರ ‘ಅಂತರಾಗ್ನಿ’ ಆಲ್ಬಂ ಬಂದದ್ದು 2008ರಲ್ಲಿ. ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿ ಅದನ್ನು ಹೊರತಂದಿತು. ಅದೇ ವರ್ಷ ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡು ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳವರೆಗೂ ಬಂದು, ಈ ದಪ್ಪ ದನಿಯ ಪರಿಚಯ ಮಾಡಿಸಿತ್ತು. ಆಲ್ಬಮ್ಮಿನಲ್ಲಿರುವುದು ಎಂಟೇ ಹಾಡು. ಹಿಂದಿಯವು ಹೆಚ್ಚು, ಇಂಗ್ಲಿಷಿನದು ಒಂದು, ಶಿಶುನಾಳ ಶರೀಫರವು ಎರಡು. ಗಾಡಿಯಲ್ಲಿ ಇದನ್ನು ಹಾಕಿಕೊಂಡು ವಿಜಯಪುರದಿಂದ ತೊರವಿ, ತಿಕೋಟಾ, ಅಲ್ಲಿಂದ ಬಬಲೇಶ್ವರಕ್ಕೆ ಹೋಗುವುದು ನನ್ನ ಹಳೆಯ ಚಟ.

ಊರು ದಾಟುವಾಗ ‘ಹೇ ಭಗವಾನ್’ ಇರಬೇಕು. ದೇವರೇ, ಇನ್ನೊಮ್ಮೆ ಬಾಳು ಕೊಡು ಎಂದು ಬೇಡುವ ಹಾಡು ಅದು. ಆದರೆ ಬೇಡುವವನ ಕಾಲು ಕುಣಿಯುತ್ತಿದೆ! ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸುವ ಏಟು ಚುರುಕು, ಡ್ರಮ್ಮಿನದು ನೇರ ನಡೆ. ಅದರ ಮೇಲೆ ರಾಗ ಮಾತ್ರ ಭಜನೆಯವರು ಕೂಡಿ ಎತ್ತಿಕೊಳ್ಳಬಹುದಾದಷ್ಟು ಸರಳ. ಮೆಲೋಡಿಕ್ ರಾಕ್ ಎಂಬುದರ ಗುಟ್ಟೇ ಇದು. ವಾದ್ಯಗಳೆಲ್ಲ ಎಷ್ಟೇ ಮೆರೆಯಲಿ, ಮನೆಯ ಯಜಮಾನಿಕೆ ರಾಗದ ಕೈಯಲ್ಲೇ ಇರಬೇಕು. ಹಾಡು ಮುಗಿದ ಮೇಲೆ ನಾಲಿಗೆಯ ಮೇಲೆ ಉಳಿಯಬೇಕಾದದ್ದು ಧಾಟಿ.

ತೊರವಿಯ ಹತ್ತಿರ ನಾನು ದನಿ ಇಳಿಸುತ್ತೇನೆ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಇಲ್ಲೇ. ಒಂಬತ್ತು ರಸಗಳ ಹೆಸರಿನಲ್ಲಿ ಊರು ಕಟ್ಟಿದ ದೊರೆ ಅವನು. ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯನ್ನೂ ನೆನೆದ, ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದನ್ನೂ ಹಾಡಿ ಹೊಗಳಿದ. ಊರು ಹೆಚ್ಚು ಕಾಲ ಬಾಳಲಿಲ್ಲ; 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಉಳಿದ ಸಂಗೀತ ಮಹಲಿನ ಎತ್ತರದ ಕಮಾನಿನ ಕೆಳಗೆ ಈಗ ಗಾಳಿಯದೇ ಹಾಡು. ಗೋವಿಂದ ಭಟ್ಟರ ಶಿಷ್ಯರಾದ ಶರೀಫರ ಪದವನ್ನು, ಭರತನಾಟ್ಯ ಕಲಿತ, ಸೂಕ್ಷ್ಮಜೀವಿಶಾಸ್ತ್ರ ಓದಿದ ಮೈಸೂರಿನ ಹುಡುಗ ರಘು ಗಿಟಾರಿಗೆ ಕೂಡಿಸಿದ್ದು ಹೊಸದೇನೋ ಎಂದು ಬೆರಗಾದವರು ಒಮ್ಮೆ ಈ ಕಮಾನಿನ ಕೆಳಗೆ ನಿಂತು ಬರಬೇಕು.

ತಿಕೋಟಾ ಸೀಮೆಯಲ್ಲಿ ದ್ರಾಕ್ಷಿಪಡಗಳ ನಡುವೆ ಉದ್ದಾನುದ್ದ ಒಣದ್ರಾಕ್ಷಿಯ ಶೆಡ್ಡುಗಳು. ಸುಗ್ಗಿಯಲ್ಲಿ ಬಲೆಯ ಅಂತಸ್ತುಗಳ ಮೇಲೆ ಹಸಿರು ಗೊನೆಗಳನ್ನು ಹರವಿರುತ್ತಾರೆ. ಬಿಸಿಲಿಗೆ ಒಡ್ಡಿದರೆ ಬೇಗ ಒಣಗೀತು, ಬಣ್ಣ ಕೆಟ್ಟೀತು. ಅದಕ್ಕೇ ನೆರಳು, ಗಾಳಿ ಮತ್ತು ತಾಳ್ಮೆ. ‘ಹರ್ ಸಾಂಸ್ ಮೇ’ ಹಾಡನ್ನು ನಾನು ಇಲ್ಲಿಗಾಗಿ ಎತ್ತಿಟ್ಟಿರುತ್ತೇನೆ. ಪ್ರತಿ ಉಸಿರನ್ನೂ ಅನುಭವಿಸಿ ಬಾಳು ಎನ್ನುವ ಈ ಹಾಡಿಗೆ ಎಲ್ಲಿಯೂ ಅವಸರವಿಲ್ಲ. ದನಿ ತಗ್ಗಿನಲ್ಲಿ ಹೊರಟು ಹಂತಹಂತವಾಗಿ ಅರಳುತ್ತದೆ. ತಂಡದ ಗೌರವ್ ವಾಜ್ ಅವರ ಬೇಸ್ ಗಿಟಾರು ಕೇಳಿಸುವುದಕ್ಕಿಂತ ಎದೆಗೆ ತಾಗುವುದೇ ಹೆಚ್ಚು. ಪಿಟೀಲು ಕರ್ನಾಟಕ ಸಂಗೀತದ ಗಮಕ ಮರೆಯದೆ ಗಿಟಾರುಗಳ ನಡುವೆ ಬಳ್ಳಿಯಂತೆ ದಾರಿ ಮಾಡಿಕೊಳ್ಳುತ್ತದೆ. ಇಂಗ್ಲಿಷಿನ ಪ್ರೇಮಗೀತೆ ಮಾತ್ರ ನನಗೆ ಇವತ್ತಿಗೂ ಕಡ ತಂದ ಅಂಗಿಯಂತೆ ಕಾಣುತ್ತದೆ. ಅಂಗಿ ಚಲೋದೇ, ಅಳತೆ ಬೇರೆಯವರದು.

ಅಳತೆ ಸರಿಹೊಂದುವುದು ಶರೀಫರಲ್ಲಿ. ‘ಗುಡುಗುಡಿಯ ಸೇದಿ ನೋಡೋ’ ಎಂಬ ಹೆಸರನ್ನೇ ಬಾಯಿಬಿಟ್ಟು ಅಂದು ನೋಡಿ. ಗಕಾರ ಡಕಾರಗಳು ಒಂದರ ಹಿಂದೊಂದು ಬಿದ್ದು, ಹುಕ್ಕದ ನೀರೂ ಗುಳುಗುಳಿಸುತ್ತದೆ, ಡಗ್ಗದ ಬೋಲೂ ಹುಟ್ಟುತ್ತದೆ. ಡ್ರಮ್ಸ್ ಬರುವ ಮೊದಲೇ ಲಯ ಮಾತಿನೊಳಗೆ ಕೂತಿದೆ. ಸಿ. ಅಶ್ವತ್ಥ್ ಅವರ ತಾರಸ್ಥಾಯಿಯಲ್ಲಿ ಶರೀಫರನ್ನು ಕೇಳಿ ಬೆಳೆದ ಕಿವಿ ನನ್ನದು. ಅಲ್ಲಿ ಪದ ಆಕಾಶಕ್ಕೆ ನೆಗೆಯುತ್ತಿತ್ತು. ಇಲ್ಲಿ ನೆಲದ ಮೇಲೆ ತೂಕದ ಹೆಜ್ಜೆ ಹಾಕುತ್ತದೆ. ಎರಡೂ ಶರೀಫರಿಗೆ ಒಪ್ಪುತ್ತದೆ.

ಇನ್ನೊಂದು, ‘ಸೋರುತಿಹುದು ಮನಿಯ ಮಾಳಿಗಿ’. ಅದನ್ನು ನಾನು ಪೂರ್ತಿ ಕೇಳಿದ್ದು ಬಬಲೇಶ್ವರದಲ್ಲಿ, ನಮ್ಮ ಕಾಕಾನ ಕಟ್ಟೆಯ ಮೇಲೆ. ಫೋನಿನಲ್ಲಿ ಹಾಡು ಹಚ್ಚಿದೆ. ಕಾಕಾ ಕಣ್ಣು ಮುಚ್ಚಿ ಒಂದು ಸುತ್ತು ಕೇಳಿದ.

‘ಯಾರ ಹಾಡ್ಯಾರೋ ತಮ್ಮಾ?’

‘ಮೈಸೂರ ಕಡಿಯಾಂವ, ಕಾಕಾ.’

‘ಮೈಸೂರಾಂವ ಆಗಿ ಮಾಳಿಗಿ ಅಂತಾನಲ್ಲೋ!’

ನನಗೆ ಅಷ್ಟು ವರ್ಷ ಹೊಳೆಯದೆ ಇದ್ದದ್ದು ಅದು. ‘ಮನೆಯ ಮಾಳಿಗೆ’ ಎಂದು ತಿದ್ದಿ ಹಾಡಬಹುದಿತ್ತು, ತಿದ್ದಿಲ್ಲ. ‘ಸೋ’ ಎಂಬ ದೀರ್ಘದಲ್ಲಿ ದನಿ ಜಾರಿ, ಕೊನೆಯ ‘ಗಿ’ಯಲ್ಲಿ ಚುಟುಕಾಗಿ ನಿಲ್ಲುತ್ತದೆ. ನೀರು ಜಿನುಗಿ, ಜೋತು, ತಟ್ಟನೆ ಬೀಳುವ ಹಾಗೆ. ‘ಗೆ’ ಎಂದಿದ್ದರೆ ಆ ಹನಿ ಬೀಳುತ್ತಿರಲಿಲ್ಲ.

ಕಾಕಾ ಹಳೆಯ ಮನೆಯ ಸುದ್ದಿ ತೆಗೆದ. ತೊಲಿ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಹುಲ್ಲು ಕಿತ್ತು, ಹೊಸ ಮಣ್ಣು ಬಡಿಯಬೇಕು. ಹತ್ತದ ವರ್ಷ ಒಳಗೆಲ್ಲ ಪಾತ್ರೆಗಳ ಸಾಲು. ಹಿತ್ತಾಳೆಯ ಬೋಗುಣಿಯಲ್ಲಿ ‘ಟಣ್’, ಮಣ್ಣಿನ ಗಡಿಗೆಯಲ್ಲಿ ‘ಡುಬುಕ್’, ಅರ್ಧ ತುಂಬಿದ ಚರಿಗೆಯಲ್ಲಿ ‘ಚಿಟ್’. ಮಲಗಿದ ಮಕ್ಕಳು ಯಾವ ಪಾತ್ರೆ ತುಂಬಿತೆಂದು ಕಣ್ಣು ತೆರೆಯದೆ ಹೇಳುತ್ತಿದ್ದರಂತೆ. ಕಾಕಾ ಹೇಳುತ್ತ ಮೊಣಕಾಲ ಮೇಲೆ ಬೆರಳು ಬಡಿಯುತ್ತಿದ್ದ. ಅದು ಹಾಡಿನ ಡ್ರಮ್ಮಿಗೆ ಸರಿಯಾಗಿ ಕೂಡುತ್ತಿತ್ತು. ದುರಸ್ತಿ ಕಾಣದ ಈ ಮನೆ ನಮ್ಮ ದೇಹ, ನಮ್ಮ ಮನಸ್ಸು ಎಂಬ ಒಳಗಿನ ಅರ್ಥವನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ರಘು ಅವರ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿತು, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂತು ಎಂದೆ. ಕಾಕಾ ‘ಬರ್ಲಿ, ಬರ್ಲಿ’ ಎಂದು ತಲೆಯಾಡಿಸಿದ. ಅವನ ಪ್ರಶಸ್ತಿ ಆ ಒಂದು ‘ಗಿ’ಗೆ ಆಗಲೇ ಸಂದಿತ್ತು.

ಹೊರಡುವಾಗ ನಾನು ತಾರಸಿಯ ಕಡೆ ನೋಡಿ ಕೇಳಿದೆ, ‘ಈಗ ಸೋರೂ ಚಿಂತಿ ಇಲ್ಲಲ್ಲ ಕಾಕಾ?’

‘ಸ್ಲ್ಯಾಬ್ ಹಾಕೇವಲ್ಲೋ, ಎಲ್ಲಿ ಸೋರತೈತಿ! ಆದ್ರ ರಾತ್ರಿ ಮಳಿ ಬಂದದ್ದೂ ಗೊತ್ತಾಗೂದಿಲ್ಲ ನೋಡ ತಮ್ಮಾ. ಮುಂಜಾನಿ ಎದ್ದು ಅಂಗಳ ನೋಡಬೇಕು.’