ಗಣ್ಯರು ಇದ್ದಾರೆ, ಸ್ಕೋರ್ ಇಲ್ಲ

ಊರಿಗೆ ಹೋದಾಗ ಹಳೇ ಟ್ರಂಕಿನಲ್ಲಿ ಒಂದು ಪೇಪರ್ ಕಟಿಂಗ್ ಸಿಕ್ಕಿತು. ನಮ್ಮ ಡಿಗ್ರಿ ಕಾಲೇಜಿನ ಫುಟ್‌ಬಾಲ್ ಟೀಮು ಕಪ್ ಹಿಡಿದು ನಿಂತಿರೋ ಫೋಟೊ. ಆಳಂದ, ಅಫಜಲಪುರ, ಜೇವರ್ಗಿ ಅಂತ ಟಂಟಂ ಹತ್ತಿ ಸುತ್ತಾಡಿ ಆಡಿದ ಸೀಸನ್ ಅದು. ಕೆಳಗೆ ಪ್ರಾಂಶುಪಾಲರ ಹೆಸರು, ಅಧ್ಯಕ್ಷರ ಹೆಸರು, ಅತಿಥಿಗಳಾಗಿ ಬಂದಿದ್ದ ಆರು ಜನರ ಹೆಸರು. ಕೊನೆಗೆ, 'ಮತ್ತು ಆಟಗಾರರು ಉಪಸ್ಥಿತರಿದ್ದರು'. ನಾವು ಆ ಮ್ಯಾಚಿಗೆ ಉಪಸ್ಥಿತರಿದ್ದೆವಂತೆ! ಯಾರ ಮೇಲೆ ಗೆದ್ವಿ, ಎಷ್ಟು ಗೋಲು, ಹೊಡೆದೋರು ಯಾರು? ಒಂದಕ್ಷರ ಇಲ್ಲ.

ತಾಲ್ಲೂಕು ಕ್ರೀಡಾ ಸುದ್ದಿ ಅಂದ್ರೆ ಇವತ್ತಿಗೂ ಹೆಚ್ಚುಕಮ್ಮಿ ಇದೇ ಧಾಟಿ. ಸುದ್ದಿಗಾರರನ್ನ ಬೈದು ಉಪಯೋಗವಿಲ್ಲ, ಕಾಲೇಜು ಬರೆದು ಕಳಿಸಿದ್ದನ್ನೇ ಅವರು ಹಾಕ್ತಾರೆ. ಕಾಲೇಜಿನವರು ಸನ್ಮಾನವನ್ನ ಬರೆದಿಡ್ತಾರೆ, ಆಟವನ್ನಲ್ಲ.

ಅಮೆರಿಕದಲ್ಲಿ 1869ರ ನವೆಂಬರ್ 6ರಂದು ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ ಮೇಲೆ 6-4ರಿಂದ ಗೆದ್ದಿದ್ದು ಇವತ್ತಿಗೂ ಗೊತ್ತು. (ಅವರ ಫುಟ್‌ಬಾಲ್ ಆಮೇಲೆ ಬೇರೆ ಆಟವೇ ಆಯ್ತು, ಅದು ಬಿಡಿ.) ಅಷ್ಟು ದೂರ ಯಾಕೆ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ, '54 ವರ್ಷಗಳ ನಂತರ' ಅಂತ ಎಲ್ಲರೂ ಕುಣಿದರು. 1968-69ರಲ್ಲಿ ಮೈಸೂರು ತಂಡ ಗೆದ್ದಿದ್ದನ್ನ ಯಾರೋ ಬರೆದಿಟ್ಟಿದ್ದಕ್ಕೇ ತಾನೆ ಆ 54 ಲೆಕ್ಕಕ್ಕೆ ಸಿಕ್ಕಿದ್ದು?

ಇದು ಬರೀ ಹಳೇ ನೆನಪಿನ ಹಳಹಳಿಯಲ್ಲ. ನಮ್ಮ ಗೋಲ್‌ಕೀಪರ್‌ನ ಮನೆ ಭೀಮಾ ದಂಡೆಯಲ್ಲಿತ್ತು. 2020ರ ಅಕ್ಟೋಬರ್ ಪ್ರವಾಹದಲ್ಲಿ ಜೋಳದ ಚೀಲದ ಜೊತೆ ಅವನ ಸರ್ಟಿಫಿಕೇಟೂ ನೀರುಪಾಲಾದವು. ಆಮೇಲೆ ಒಂದು ಶಾಲೆಯಲ್ಲಿ ಕೋಚ್ ಕೆಲಸ ಖಾಲಿ ಇತ್ತು, ಆಡಿದ್ದಕ್ಕೆ ದಾಖಲೆ ಕೇಳಿದರು. ಕಾಲೇಜಿಗೆ ಹೋದ. ಅಲ್ಲಿ ಕಪ್ ಇತ್ತು, ರಿಜಿಸ್ಟರ್ ಇರಲಿಲ್ಲ. 'ನೀ ಆಡಿದ್ದು ನಮಗ್ ಹ್ಯಾಂಗ್ ಗೊತ್ತಾಗಬೇಕಪ?' ಅಂದ್ರಂತೆ. ಪೆನಾಲ್ಟಿ ಹಿಡಿದು ಕಿರುಬೆರಳು ಸೊಟ್ಟಾಗಿದ್ದನ್ನ ತೋರಿಸಿ ಬಂದ. ಕೆಲಸ ಬೇರೆಯವರಿಗೆ ಹೋಯ್ತು.

ಬೆಂಗಳೂರಲ್ಲಿ ಕೂತು ನಾನು ಹೆಜ್ಜೆ, ನಿದ್ದೆ, ಕ್ಯಾಲರಿ ಎಲ್ಲಾ ಫೋನಿನಲ್ಲಿ ಎಣಿಸ್ತೀನಿ. ಎದೆ ಸೀಳೋಹಂಗೆ ಓಡಿದ ಆ ಐದು ಮ್ಯಾಚುಗಳಿಗೆ ಲೆಕ್ಕ ಇಲ್ಲ. ಹೋದ ತಿಂಗಳು ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಶೀಟ್ ಹಾಕಿದೆ: ಆಡಿದ್ದು ಐದು, ಗೆದ್ದಿದ್ದು ಮೂರು, ಡ್ರಾ ಒಂದು, ಸೋತಿದ್ದು ಒಂದು. ಜೇವರ್ಗಿ ಮ್ಯಾಚು 2-1 ಅಂತ ಎಲ್ಲರೂ ಒಪ್ಪಿದರು. ಅಫಜಲಪುರದ್ದು ಡ್ರಾ ಅಲ್ಲವೇ ಅಲ್ಲ, ಅದನ್ನೂ ಗೆದ್ದಿದ್ವಿ ಅಂತ ಕೀಪರ್ ಹಟ ಹಿಡಿದಾನ. ಅಲ್ಲಿನ ಟೀಮಿನವನೊಬ್ಬನ ನಂಬರ್ ಹುಡುಕ್ತಾ ಇದೀವಿ.