200 ಮಿಲಿಆಂಪಿಯರ್ ಯಾರದು?

ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 'ಒಂದು ಪ್ರಾಕ್ಸಿಮಿಟಿ ಸೆನ್ಸರಿಗೆ 200 ಮಿಲಿಆಂಪಿಯರ್. 20 ಸೆನ್ಸರುಗಳಿಗೆ 4 ಆಂಪಿಯರ್. ಆದ್ದರಿಂದ 24 ವೋಲ್ಟ್, 5 ಆಂಪಿಯರ್ ಪವರ್ ಸಪ್ಲೈ.' ಗುಣಾಕಾರ ಸರಿಯಾಗಿದೆ, ಭೌತವಿಜ್ಞಾನ ಸರಿಯಿಲ್ಲ. ಪರೀಕ್ಷಕನಾಗಿ ನಾನೂ ಇದಕ್ಕೆ ಅಂಕ ಕೊಟ್ಟಿದ್ದೇನೆ. ಆದ್ದರಿಂದ ಈ ಟೀಕೆ ಮೊದಲು ಅಧ್ಯಾಪಕರಾದ ನಮಗೇ ಸಲ್ಲಬೇಕು.

ಲೋಹದ ವಸ್ತು ಹತ್ತಿರ ಬಂದುದನ್ನು ಮುಟ್ಟದೆಯೇ ಗುರುತಿಸುವ ಇಂಡಕ್ಟಿವ್ ಸೆನ್ಸರನ್ನು ತೆಗೆದುಕೊಳ್ಳೋಣ. ಇದಕ್ಕೆ ಮೂರು ತಂತಿಗಳು: ಧನ, ಋಣ ಮತ್ತು ಔಟ್‌ಪುಟ್. ಅದರ ಮೇಲೆ ಬರೆದಿರುವ 200 ಮಿಲಿಆಂಪಿಯರ್ ಅದು ಬಳಸುವ ಪ್ರವಾಹವಲ್ಲ. ಔಟ್‌ಪುಟ್ ತಂತಿಯ ಮೂಲಕ ಹರಿಯಬಹುದಾದ ಗರಿಷ್ಠ ಮಿತಿ. ಸೆನ್ಸರಿನ ಸ್ವಂತ ಬಳಕೆ ಸಾಮಾನ್ಯವಾಗಿ 10ರಿಂದ 15 ಮಿಲಿಆಂಪಿಯರ್ ಮಾತ್ರ. ಉಳಿದುದನ್ನು ನಿರ್ಧರಿಸುವುದು ಔಟ್‌ಪುಟ್‌ಗೆ ಜೋಡಿಸಿದ ಹೊರೆ. ಸ್ವಂತ ಬಳಕೆ 12, ಪಿ.ಎಲ್.ಸಿ. ಇನ್‌ಪುಟ್ 7 ಮಿಲಿಆಂಪಿಯರ್ ಎನ್ನಿ. 20 ಸೆನ್ಸರುಗಳಿಗೆ ಬೇಕಾದುದು 380 ಮಿಲಿಆಂಪಿಯರ್. 1 ಆಂಪಿಯರ್ ಸಪ್ಲೈ ಧಾರಾಳ. ಅದೇ ಜಾಗದಲ್ಲಿ 40 ಮಿಲಿಆಂಪಿಯರ್ ಎಳೆಯುವ ರಿಲೇಗಳಿದ್ದರೆ ಮೊತ್ತ 1040ಕ್ಕೇರುತ್ತದೆ. ಆಗ ಆ ಸಪ್ಲೈ ಸಾಲದು. ಸೆನ್ಸರ್ ಬದಲಾಗಲಿಲ್ಲ, ಉತ್ತರ ಬದಲಾಯಿತು!

'ಹೆಚ್ಚಿದ್ದರೆ ನಷ್ಟವೇನು? 5 ಆಂಪಿಯರ್ ಇರಲಿ ಬಿಡಿ' ಎಂಬ ವಾದವುಂಟು. ಸಪ್ಲೈ ದೊಡ್ಡದಾದ ಮಾತ್ರಕ್ಕೆ ಸೆನ್ಸರಿಗೆ ಹೆಚ್ಚು ಪ್ರವಾಹ ನುಗ್ಗುವುದಿಲ್ಲ ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ತಂತಿಯನ್ನು ಅದು ಮರೆಯುತ್ತದೆ. 0.34 ಚದರ ಮಿಲಿಮೀಟರ್ ಅಡ್ಡಕೊಯ್ತದ 100 ಮೀಟರ್ ತಾಮ್ರದ ತಂತಿಯ ರೋಧ ಸುಮಾರು 5 ಓಮ್. ಇಂಥ ಒಂದೇ ಜೋಡಿ ತಂತಿ 100 ಮೀಟರ್ ದೂರದ 20 ಸೆನ್ಸರುಗಳಿಗೂ ವಿದ್ಯುತ್ ಒಯ್ಯುತ್ತಿದೆ, ರಿಲೇಗಳು ಪ್ಯಾನೆಲ್‌ನಲ್ಲಿವೆ ಎಂದುಕೊಳ್ಳಿ. ಸೆನ್ಸರಿನ ಒಳಗೂ 2 ವೋಲ್ಟ್‌ವರೆಗೆ ಕಳೆದುಹೋಗಬಹುದು. ಒಂದೇ ಸೆನ್ಸರ್ ಆನ್ ಆದಾಗ ಅದರ ರಿಲೇಗೆ ಸಿಗುವುದು ಸುಮಾರು 20.4 ವೋಲ್ಟ್. ಇಪ್ಪತ್ತೂ ಒಟ್ಟಿಗೆ ಆನ್ ಆದರೆ ಸುಮಾರು 17.7 ವೋಲ್ಟ್. ಎಳೆದುಕೊಳ್ಳಲು ತನ್ನ ವೋಲ್ಟೇಜಿನ ಶೇಕಡಾ 80 ಭಾಗ, ಅಂದರೆ 19.2 ವೋಲ್ಟ್, ಬೇಕೆನ್ನುವ ರಿಲೇ ಈಗ ಕೆಲಸ ಮಾಡುವ ಭರವಸೆಯಿಲ್ಲ. ಒಂದೊಂದಾಗಿ ಪರೀಕ್ಷಿಸಿದರೆ ಎಲ್ಲವೂ ಸರಿ. ಯಂತ್ರ ಪೂರ್ತಿ ಓಡಿದಾಗ ತೊಂದರೆ. ಸಪ್ಲೈ ಬಳಿ ಮೀಟರ್ ಹಿಡಿದರೆ 24 ವೋಲ್ಟ್ ತೋರಿಸುತ್ತದೆ. 5 ಆಂಪಿಯರ್ ಬದಲು 10 ಆಂಪಿಯರ್ ಸಪ್ಲೈ ತಂದಿಟ್ಟರೂ ಈ ದೋಷ ಹೋಗದು.

ಇನ್ನೂ ಗಂಭೀರವಾದುದು ಶಾರ್ಟ್ ಸರ್ಕ್ಯೂಟ್. ದೂರದ ತುದಿಯಲ್ಲಿ ಎರಡು ತಂತಿಗಳು ಕೂಡಿಕೊಂಡರೆ ಹೋಗಿಬರುವ ರೋಧ 10 ಓಮ್; ಪ್ರವಾಹ 2.4 ಆಂಪಿಯರ್. 5 ಆಂಪಿಯರ್ ಸಪ್ಲೈಗೆ ಇದು ಸಾಮಾನ್ಯ ಹೊರೆಯಂತೆಯೇ ಕಾಣುತ್ತದೆ! ಅದು ನಿಲ್ಲುವುದಿಲ್ಲ, ಸೂಚನೆಯನ್ನೂ ಕೊಡುವುದಿಲ್ಲ. ತಂತಿ ಕಾಯುತ್ತಿರುತ್ತದೆ, ಸೆನ್ಸರುಗಳು ಮೂಕವಾಗಿರುತ್ತವೆ. ಸುರಕ್ಷತೆಗೆಂದು ಸೇರಿಸಿದ ಹೆಚ್ಚಳವೇ ದೋಷವನ್ನು ಮುಚ್ಚಿಡುತ್ತದೆ.

ಪರಿಹಾರ ಸರಳ. ಐದೈದು ಸೆನ್ಸರುಗಳ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಬೇರೆ ತಂತಿಜೋಡಿ ಮತ್ತು 500 ಮಿಲಿಆಂಪಿಯರ್ ಫ್ಯೂಸ್ ಕೊಡಬೇಕು. ಗುಂಪಿನ ಪ್ರವಾಹ 260 ಮಿಲಿಆಂಪಿಯರ್. ಎಲ್ಲವೂ ಆನ್ ಆದಾಗಲೂ ರಿಲೇಗೆ ಸುಮಾರು 20.6 ವೋಲ್ಟ್ ದೊರೆಯುತ್ತದೆ. ಶಾರ್ಟ್ ಆದರೆ ಒಂದು ಫ್ಯೂಸ್ ಹೋಗುತ್ತದೆ, ಉಳಿದ ಹದಿನೈದು ಸೆನ್ಸರುಗಳು ಕೆಲಸ ಮಾಡುತ್ತಲೇ ಇರುತ್ತವೆ. ಈ ಏರ್ಪಾಡಿಗೆ 2 ಆಂಪಿಯರ್ ಸಪ್ಲೈ ಸಾಕು.

ಇಲ್ಲಿ ಬಳಸಿದುದು ಓಮನ ನಿಯಮ ಮತ್ತು ಕಿರ್ಚಾಫನ ನಿಯಮಗಳು, ಪಿ.ಯು.ಸಿ. ವಿದ್ಯಾರ್ಥಿಗೂ ಗೊತ್ತಿರುವಂಥವು. ಅವನ್ನು ಸಮಸ್ಯೆ ಬಿಡಿಸಲು ಕಲಿಸಿ, ಯಂತ್ರದ ಮುಂದೆ ನಿಂತಾಗ ಮರೆಯಲು ಬಿಡುತ್ತಿದ್ದೇವೆ. ಮುಂದಿನ ಬಾರಿ ವಿದ್ಯಾರ್ಥಿ 'ಒಂದಕ್ಕೆ 200 ಮಿಲಿಆಂಪಿಯರ್' ಎಂದಾಗ, ಗುಣಿಸುವ ಮೊದಲು ಒಂದು ಪ್ರಶ್ನೆ ಕೇಳೋಣ: ಆ ಪ್ರವಾಹ ಎಲ್ಲಿಂದ ಹೊರಟು, ಯಾವುದರ ಮೂಲಕ ಹಾದು, ಎಲ್ಲಿಗೆ ಮರಳುತ್ತದೆ?